ಚಿತ್ರ–ಚರ್ಚೆ: ಹೊಗಾರ್ತನ ಮದುವೆಯ ಕರಾರು

ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ (1697–1764) ಸುಮಾರು 1743ರಲ್ಲಿ ಬರೆದ ‘ಮ್ಯಾರೇಜ್ ಅ ಲಾ ಮೋಡ್’ ಎಂಬ ಆರು ತೈಲಚಿತ್ರಗಳ ಮಾಲೆಯಿಂದ ಮೊದಲ ಚಿತ್ರವನ್ನು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಅಚ್ಚು ಹಾಕಿದ್ದೆವು. ಸಾಲದಲ್ಲಿ ಮುಳುಗಿದ ಒಬ್ಬ ಅರ್ಲ್ (ಇಂಗ್ಲೆಂಡಿನ ಕುಲೀನರಲ್ಲಿ ಒಂದು ವಂಶಪಾರಂಪರ್ಯದ ಪದವಿ) ತನ್ನ ಮಗನಿಗೆ ಶ್ರೀಮಂತ ವ್ಯಾಪಾರಿಯ ಮಗಳನ್ನು ತಂದುಕೊಳ್ಳುವ ಕಥೆ ಇದೆಂದು ಅದರ ಕೆಳಗೆ ಎರಡು ಸಾಲಿನ ಟಿಪ್ಪಣಿಯೂ ಇತ್ತು. ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಕಾರವಾರದ ನಮ್ಮ ವಿಳಾಸಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಚಿತ್ರದ ಕುರಿತೇ ಇರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಚಿತ್ರದಲ್ಲಿ ಮದುಮಗ ಯಾರು, ಮದುಮಗಳು ಯಾರು ಎಂಬುದೇ ಮೊದಲ ನೋಟಕ್ಕೆ ತಿಳಿಯಲಿಲ್ಲ. ಎಲ್ಲರ ಗಮನವೂ ಮೇಜಿನ ಮೇಲಿನ ಕಾಗದಗಳ ಮೇಲಿದೆ. ಇದನ್ನು ಮದುವೆಯ ಚಿತ್ರವೆಂದು ಹೇಗೆ ಕರೆಯುವುದು? — ಓರ್ವ ಓದುಗರು, ಕುಮಟಾ

ನಿಮಗೆ ತಿಳಿಯದಿರುವುದು ಚಿತ್ರಕಾರ ಬಯಸಿದ್ದೇ ಆಗಿದೆ. ಮದುವೆಯಾಗಬೇಕಾದ ಇಬ್ಬರನ್ನು ಹೊಗಾರ್ತ್ ಕೋಣೆಯ ಒಂದು ಬದಿಗೆ ಸರಿಸಿ, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕುಳ್ಳಿರಿಸಿದ್ದಾನೆ. ಹುಡುಗ ನಶ್ಯದ ಚಿಟಿಕೆ ಹಿಡಿದು ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತಿದ್ದರೆ, ಹುಡುಗಿ ಉಂಗುರವನ್ನು ಕರವಸ್ತ್ರಕ್ಕೆ ಪೋಣಿಸಿ ಬೇಸರದಿಂದ ಅತ್ತಿತ್ತ ಎಳೆಯುತ್ತಿದ್ದಾಳೆ. ಅವರ ಬಳಿ ನೆಲದ ಮೇಲೆ ಎರಡು ನಾಯಿಗಳನ್ನು ಒಂದೇ ಸರಪಳಿಯಿಂದ ಜೋಡಿಸಿ ಕಟ್ಟಲಾಗಿದೆ; ಅವುಗಳಿಗೂ ಪರಸ್ಪರರ ಮೇಲೆ ಯಾವ ಆಸಕ್ತಿಯೂ ಇಲ್ಲ.

ನಿಜವಾದ ವ್ಯವಹಾರ ನಡೆದಿರುವುದು ಮೇಜಿನ ಸುತ್ತ. ಗೌಟ್ ರೋಗದಿಂದ ಊದಿದ ಕಾಲಿಗೆ ಬಟ್ಟೆ ಸುತ್ತಿಕೊಂಡು, ಅದನ್ನು ಪೀಠದ ಮೇಲೆ ಚಾಚಿ ಕುಳಿತಿರುವವನೇ ಹುಡುಗನ ತಂದೆ, ಅರ್ಲ್ ಸ್ಕ್ವಾಂಡರ್. ದುಂದುಗಾರ ಎಂಬ ಅರ್ಥ ಆ ಹೆಸರಿನಲ್ಲೇ ಇದೆ. ಅವನ ಬೆರಳು ತೋರಿಸುತ್ತಿರುವುದು ತನ್ನ ವಂಶವೃಕ್ಷವನ್ನು. ಅದರ ಬುಡದಲ್ಲಿ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮಂಡಿಯ ವಿಲಿಯಂ ಇದ್ದಾನೆ, ಮತ್ತು ಕೀಳು ಮನೆತನದಲ್ಲಿ ಮದುವೆಯಾದವರ ಒಂದು ಕೊಂಬೆ ಮುರಿದು ಬಿದ್ದಿದೆ. ಅಂಥ ತಪ್ಪನ್ನೇ ಈಗ ಹಣಕ್ಕಾಗಿ ತಾನೂ ಮಾಡುತ್ತಿದ್ದೇನೆಂಬ ಅರಿವು ಆ ಮುಖದಲ್ಲಿ ಲವಲೇಶವೂ ಕಾಣುವುದಿಲ್ಲ. ಎದುರಿಗೆ ಕುಳಿತು ಮದುವೆಯ ಕರಾರುಪತ್ರವನ್ನು ಓದುತ್ತಿರುವವನು ಹುಡುಗಿಯ ತಂದೆ, ಲಂಡನ್ ನಗರದ ವ್ಯಾಪಾರಿ. ಅವನು ತಂದ ಚಿನ್ನದ ನಾಣ್ಯಗಳು ಮೇಜಿನ ಮೇಲಿವೆ. ಅರ್ಲ್‌ನ ಅಡಮಾನ ಪತ್ರ ತಿರುಗಿ ಅರ್ಲ್‌ನ ಕೈ ಸೇರುತ್ತಿದೆ. ಕಿಟಕಿಯಾಚೆ ಹಣ ಸಾಲದೆ ಅರ್ಧಕ್ಕೆ ನಿಂತ ಭವನವೊಂದು ಕಾಣುತ್ತದೆ, ಈ ಮದುವೆಯ ಹಣ ಎಲ್ಲಿಗೆ ಹೋಗಲಿದೆಯೆಂಬುದಕ್ಕೆ ಅದೇ ಉತ್ತರ.

ಇನ್ನೊಬ್ಬನನ್ನು ನೋಡದೆ ಬಿಡಬೇಡಿ. ಹುಡುಗಿಯ ಪಕ್ಕದಲ್ಲಿ ಬಾಗಿ, ಗರಿಯ ಲೇಖನಿಯನ್ನು ಚೂಪು ಮಾಡುತ್ತ, ಅವಳ ಕಿವಿಯಲ್ಲಿ ಮೆಲ್ಲಗೆ ಏನೋ ಹೇಳುತ್ತಿರುವವನು ವಕೀಲ ಸಿಲ್ವರ್‌ಟಂಗ್. ಮುಂದಿನ ಐದು ಚಿತ್ರಗಳ ಅನಾಹುತಕ್ಕೆ ಇಲ್ಲಿಂದಲೇ ಆರಂಭ.

ಪ್ರಶ್ನೆ: ಉಳಿದ ಐದು ಚಿತ್ರಗಳಲ್ಲಿ ಏನಿದೆ ಎಂದು ಹೇಳಿದರೆ ಉಪಕಾರವಾದೀತು. ಇಷ್ಟೊಂದು ಸಾಮಾನುಗಳನ್ನು ತುಂಬಿದರೆ ಚಿತ್ರ ಗೊಂದಲವಾಗುವುದಿಲ್ಲವೇ? — ಯಕ್ಷಗಾನ ಪ್ರಿಯರೊಬ್ಬರು, ಹೊನ್ನಾವರ ತಾಲ್ಲೂಕು

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉತ್ತರ ನಿಮ್ಮ ಆಸಕ್ತಿಯಲ್ಲೇ ಇದೆ. ಆಟದಲ್ಲಿ ಪಾತ್ರ ಬಾಯಿಬಿಡುವ ಮೊದಲೇ ಭಾಗವತರು ಹಾಡಿ ಸಂದರ್ಭ ತಿಳಿಸುತ್ತಾರೆ. ಚಿತ್ರದ ಮುಂದೆ ನಿಂತ ನೋಡುಗನಿಗೆ ಭಾಗವತರಿಲ್ಲದಿರುವುದರಿಂದ ಹೊಗಾರ್ತ್ ಆ ಕೆಲಸವನ್ನು ಕುರ್ಚಿ, ಗಡಿಯಾರ, ನಾಯಿ, ಗೋಡೆಯ ಪಟಗಳಿಗೆ ಒಪ್ಪಿಸಿದ್ದಾನೆ.

ಎರಡನೆಯ ಚಿತ್ರದಲ್ಲಿ ಗಡಿಯಾರ ಮಧ್ಯಾಹ್ನ ಒಂದು ಗಂಟೆ ದಾಟಿದೆಯೆಂದು ತೋರಿಸುತ್ತಿದೆಯಾದರೂ ರಾತ್ರಿಯ ಮೇಣದಬತ್ತಿಗಳು ಇನ್ನೂ ಆರಿಲ್ಲ. ಹೆಂಡತಿ ಇಸ್ಪೀಟಿನ ರಾತ್ರಿ ಕಳೆದು ಮೈಮುರಿಯುತ್ತಿದ್ದಾಳೆ. ಎಲ್ಲಿಂದಲೋ ಈಗಷ್ಟೇ ಬಂದು ಕುರ್ಚಿಯಲ್ಲಿ ಕುಸಿದ ಗಂಡನ ಜೇಬಿನಿಂದ ಇಣುಕುವ ಹೆಣ್ಣಿನ ಟೋಪಿಯನ್ನು ನಾಯಿ ಮೂಸುತ್ತಿದೆ. ಬಿಲ್ಲುಗಳ ಕಟ್ಟು ಹಿಡಿದ ಮನೆಯ ಕಾರುಬಾರಿ ಕೈ ಮೇಲೆತ್ತಿ ಹೊರಟುಹೋಗುತ್ತಿದ್ದಾನೆ. ಅಷ್ಟು ಬಿಲ್ಲುಗಳಲ್ಲಿ ತೀರಿದ್ದು ಒಂದೇ ಒಂದು. ಆರರಲ್ಲಿ ಬಣ್ಣಗಾರಿಕೆಯ ದೃಷ್ಟಿಯಿಂದ ನನಗೆ ಅತ್ಯುತ್ತಮವೆನಿಸುವುದು ಇದೇ. ಗಂಡನ ದಣಿದ ಮುಖವನ್ನು ಬರೆದ ಕುಂಚದಲ್ಲಿ ಗೇಲಿಗಿಂತ ಕರುಣೆಯೇ ಹೆಚ್ಚಾಗಿದೆ.

ನಾಲ್ಕನೆಯದು ಹೆಂಡತಿಯ ಬೆಳಗಿನ ದರ್ಬಾರು. ಮಂಚದ ಮೇಲಿನ ಕಿರೀಟದಿಂದ ಹಳೆಯ ಅರ್ಲ್ ಸತ್ತು ಮಗನಿಗೆ ಪಟ್ಟವಾಯಿತೆಂದು ತಿಳಿಯುತ್ತದೆ. ಕುರ್ಚಿಗೆ ತೂಗುಹಾಕಿದ ಮಗುವಿನ ಹವಳದ ಗಿಲಕಿಯಿಂದ ಅವಳು ತಾಯಿಯಾಗಿದ್ದಾಳೆಂದೂ ತಿಳಿಯುತ್ತದೆ. ಮಗುವೇ ಅಲ್ಲಿಲ್ಲ. ವಕೀಲ ಸೋಫಾದ ಮೇಲೆ ಆರಾಮವಾಗಿ ಒರಗಿ ಮುಖವಾಡದ ಕೂಟದ ಟಿಕೆಟ್ಟನ್ನು ಅವಳಿಗೆ ಚಾಚುತ್ತಿದ್ದಾನೆ. ಐದನೆಯ ಚಿತ್ರದಲ್ಲಿ ಆ ಕೂಟದಿಂದ ಇಬ್ಬರೂ ಬಾಡಿಗೆಯ ಕೋಣೆಯೊಂದಕ್ಕೆ ಹೋಗಿರುವುದನ್ನು ಪತ್ತೆಹಚ್ಚಿದ ಗಂಡ ಕತ್ತಿಯೇಟಿಗೆ ಸಿಕ್ಕಿ ಕುಸಿಯುತ್ತಿದ್ದಾನೆ. ವಕೀಲ ಒಳಅಂಗಿಯಲ್ಲೇ ಕಿಟಕಿ ಹಾರುತ್ತಿದ್ದಾನೆ. ಹೆಂಡತಿ ಮೊಣಕಾಲೂರಿ ಅಂಗಲಾಚುತ್ತಿದ್ದಾಳೆ. ಆರನೆಯದು ಅವಳ ತವರು. ಕಿಟಕಿಯಿಂದ ಹಳೆಯ ಲಂಡನ್ ಸೇತುವೆ ಕಾಣುತ್ತದೆ. ವಕೀಲನನ್ನು ಗಲ್ಲಿಗೇರಿಸಿದ ಸುದ್ದಿಯ ಕಾಗದವೂ ಅಫೀಮಿನ ದ್ರಾವಣದ ಖಾಲಿ ಬಾಟಲಿಯೂ ನೆಲದ ಮೇಲಿವೆ. ಸಾಯುತ್ತಿರುವ ಮಗಳ ಬೆರಳಿನಿಂದ ತಂದೆ ಮದುವೆಯ ಉಂಗುರವನ್ನು ಕಳಚುತ್ತಿದ್ದಾನೆ. ಆತ್ಮಹತ್ಯೆ ಮಾಡಿಕೊಂಡವರ ಚರಸ್ವತ್ತು ಸರಕಾರಕ್ಕೆ ಸೇರಬೇಕೆಂಬ ಕಾನೂನು ಆಗಿನ ಇಂಗ್ಲೆಂಡಿನಲ್ಲಿತ್ತು. ಹಳೆಯ ವ್ಯಾಪಾರಿಗೆ ಅದು ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ. ಊಟದ ಮೇಜಿನ ಮೇಲಿದ್ದ ಹಂದಿಯ ತಲೆಯನ್ನು ಬಡಕಲು ನಾಯಿ ಕಚ್ಚಿ ಎಳೆಯುತ್ತಿರುವುದನ್ನು ಅಷ್ಟು ಜನರಲ್ಲಿ ಯಾರೂ ಗಮನಿಸಿಲ್ಲ.

ಮೂರನೆಯ ಚಿತ್ರವನ್ನು ಬೇಕೆಂದೇ ಬಿಟ್ಟೆ, ಅದರ ಬಗ್ಗೆ ಬೇರೆ ಪತ್ರವಿದೆ.

ಪ್ರಶ್ನೆ: ಮಾಲೆಯ ಮೂರನೆಯ ಚಿತ್ರವನ್ನು ಅಂತರ್ಜಾಲದಲ್ಲಿ ಹುಡುಕಿ ನೋಡಿದೆ. ವೈದ್ಯನೊಬ್ಬನ ಕೋಣೆ ಎಂಬುದಷ್ಟೇ ಅರ್ಥವಾಯಿತು. ಮದುಮಗನ ಕುತ್ತಿಗೆಯ ಮೇಲಿನ ಕಪ್ಪು ಮಚ್ಚೆ ಏನು? — ಔಷಧ ಅಂಗಡಿಯವರೊಬ್ಬರು, ಅಂಕೋಲಾ

ಆ ಮಚ್ಚೆ ಸಿಫಿಲಿಸ್ ಎಂಬ ಲೈಂಗಿಕ ರೋಗದ ಗುರುತು. ಮದುವೆಯ ಕರಾರಿಗೆ ಸಹಿ ಬೀಳುವ ಮೊದಲ ಚಿತ್ರದಲ್ಲೇ ಅದು ಕಾಣಿಸಿಕೊಂಡಿದೆ. ಕೊನೆಯ ಚಿತ್ರದಲ್ಲಿ ಸಾಯುತ್ತಿರುವ ತಾಯಿಗೆ ಮುತ್ತಿಡಲು ದಾದಿ ಎತ್ತಿಹಿಡಿದ ಮಗುವಿನ ಕೆನ್ನೆಯ ಮೇಲೂ ಅಂಥದೇ ಮಚ್ಚೆಯಿದ್ದು, ಅದರ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ್ದಾರೆ. ವಂಶವೃಕ್ಷದ ಹೆಮ್ಮೆಗೆ ಹೊಗಾರ್ತ್ ಕೊಟ್ಟ ಅತಿ ಕಠೋರವಾದ ಉತ್ತರ ಇದು.

ಮೂರನೆಯ ಚಿತ್ರದಲ್ಲಿ ಗಂಡ ಒಬ್ಬ ಎಳೆಯ ಹುಡುಗಿಯನ್ನು ಕರೆದುಕೊಂಡು ನಕಲಿ ವೈದ್ಯನ ಬಳಿ ಬಂದು, ಗುಳಿಗೆಯ ಡಬ್ಬಿಯನ್ನು ಚಾಚಿ ಏನೋ ತಕರಾರು ಮಾಡುತ್ತಿದ್ದಾನೆ. ನಡುವೆ ನಿಂತ ಹೆಂಗಸಿನ ಕೈಯಲ್ಲಿ ಚಾಕುವಿದೆ. ಅವಳು ಯಾರು, ಸಿಟ್ಟು ಯಾರ ಮೇಲೆ, ರೋಗ ಯಾರಿಂದ ಯಾರಿಗೆ ಎಂಬ ಬಗ್ಗೆ ಹದಿನೆಂಟನೆಯ ಶತಮಾನದಿಂದಲೇ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಪಾದರಸ ಬೆರೆಸಿದ ಔಷಧವೇ ಆ ರೋಗಕ್ಕೆ ಆಗಿನ ಚಿಕಿತ್ಸೆಯಾಗಿತ್ತೆಂಬುದನ್ನೂ, ಅದು ರೋಗದಷ್ಟೇ ಅಪಾಯಕಾರಿಯಾಗಿತ್ತೆಂಬುದನ್ನೂ ನಿಮ್ಮ ವೃತ್ತಿಯವರಿಗೆ ವಿವರಿಸಬೇಕಾಗಿಲ್ಲ.

ಪ್ರಶ್ನೆ: ಹಣಕ್ಕಾಗಿ ಮಾಡಿದ ಮದುವೆ ಹಾಳಾಯಿತು, ಪ್ರೀತಿಗಾಗಿ ಮಾಡಿಕೊಂಡಿದ್ದರೆ ಉಳಿಯುತ್ತಿತ್ತು ಎಂದು ಚಿತ್ರಕಾರ ಹೇಳುತ್ತಿದ್ದಾನೆಯೇ? ತರಗತಿಯಲ್ಲಿ ಈ ಚಿತ್ರ ತೋರಿಸಿದಾಗ ಮಕ್ಕಳೆಲ್ಲ ಹಾಗೆಯೇ ಅರ್ಥ ಮಾಡಿಕೊಂಡರು. ನನಗೇಕೋ ಅದು ಒಪ್ಪಿಗೆಯಾಗಲಿಲ್ಲ. — ಉಪನ್ಯಾಸಕಿ, ಶಿರಸಿ

ನಿಮ್ಮ ಅನುಮಾನವೇ ಸರಿಯೆಂದು ನನ್ನ ಅಭಿಪ್ರಾಯ. ಮಕ್ಕಳ ಓದಿಗೆ ಚಿತ್ರಕಾರನ ಜೀವನದಲ್ಲಿ ಒಂದು ಆಧಾರವಂತೂ ಇದೆ: 1729ರಲ್ಲಿ ಹೊಗಾರ್ತ್ ಆಸ್ಥಾನದ ಚಿತ್ರಕಾರ ಸರ್ ಜೇಮ್ಸ್ ಥಾರ್ನ್‌ಹಿಲ್ ಅವರ ಮಗಳು ಜೇನ್‌ಳನ್ನು, ಅವಳ ತಂದೆಯ ಒಪ್ಪಿಗೆಯಿಲ್ಲದೆ, ಗುಟ್ಟಾಗಿ ಮದುವೆಯಾದ. ಸಾಲ ತೀರಿಸಲಾಗದೆ ತಂದೆ ಲಂಡನ್ನಿನ ಫ್ಲೀಟ್ ಸೆರೆಮನೆ ಸೇರಿದ್ದನ್ನು ಬಾಲ್ಯದಲ್ಲೇ ಕಂಡವನಾದ್ದರಿಂದ ಹಣದ ಮಾತು ಅವನಿಗೆ ಎಂದೂ ಹಗುರವಾಗಿರಲಿಲ್ಲ.

ಆದರೆ ಚಿತ್ರಗಳನ್ನೇ ನೋಡಿ. ಆರರಲ್ಲಿ ಒಂದರಲ್ಲೂ ಪ್ರೀತಿ ಹಣದ ಎದುರಾಳಿಯಾಗಿ ಬಂದು ನಿಂತಿಲ್ಲ. ಪ್ರೀತಿಯೆಂಬ ಹೆಸರಿನಿಂದ ಕಥೆಯೊಳಗೆ ನುಸುಳುವವನು ವಕೀಲನೊಬ್ಬನೇ, ಅವನೂ ಕರಾರು ಬರೆಯಲು ಶುಲ್ಕಕ್ಕೆ ಬಂದವನು. ಹುಡುಗಿಯನ್ನು ಅವನು ಮಾತಿನಿಂದ ಒಲಿಸಿಕೊಂಡದ್ದು ಅವಳ ಮದುವೆಯ ದಸ್ತಾವೇಜು ಇನ್ನೂ ಮೇಜಿನ ಮೇಲಿರುವಾಗ, ಅದನ್ನು ಬರೆಯಲಿರುವ ಲೇಖನಿಯನ್ನೇ ಕೈಯಲ್ಲಿ ಹಿಡಿದು. ಹೀಗಿರುವಾಗ ಅವನ ಜೊತೆ ಓಡಿಹೋಗಿದ್ದರೆ ಅವಳು ಸುಖವಾಗಿರುತ್ತಿದ್ದಳೆಂದು ಊಹಿಸಲು ಚಿತ್ರಕಾರ ಒಂದು ಎಳೆಯನ್ನೂ ಬಿಟ್ಟುಕೊಟ್ಟಿಲ್ಲ.

ಮೊದಲ ಮತ್ತು ಕೊನೆಯ ಚಿತ್ರಗಳನ್ನು ಮಾತ್ರ ಅಕ್ಕಪಕ್ಕ ಇಟ್ಟು ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಿ ಎಂದು ಸೂಚಿಸುತ್ತೇನೆ. ತಂದೆಯರು ಕಾಣಿಸಿಕೊಳ್ಳುವುದು ಇವೆರಡರಲ್ಲಿ ಮಾತ್ರ. ಒಬ್ಬ ವಂಶವೃಕ್ಷ ತೋರಿಸುತ್ತ ಕಥೆಯನ್ನು ಆರಂಭಿಸಿದರೆ, ಇನ್ನೊಬ್ಬ ಉಂಗುರ ಕಳಚುತ್ತ ಅದನ್ನು ಮುಗಿಸುತ್ತಾನೆ. ನಡುವಿನ ನಾಲ್ಕು ಚಿತ್ರಗಳಲ್ಲಿ ಕುಡಿತ, ಜೂಜು, ವ್ಯಭಿಚಾರ, ಕೊಲೆ ಎಲ್ಲವೂ ನಡೆಯುತ್ತವೆ, ಮತ್ತು ವಕೀಲ ಮಾಡಿದ ಕೊಲೆಯೊಂದನ್ನುಳಿದು ಅವನ್ನೆಲ್ಲ ಮಾಡುವವರು ಮಕ್ಕಳೇ. ನಾವು ನಗುವುದೂ ಬೈಯುವುದೂ ಅವರನ್ನೇ. ಆದರೆ ಆ ಇಬ್ಬರಿಗೆ ತಮ್ಮ ಬದುಕಿನ ಬಗ್ಗೆ ಒಂದು ಮಾತು ಹೇಳುವ ಅವಕಾಶವಿದ್ದ ಏಕೈಕ ದಿನ, ಕೋಣೆಯಲ್ಲಿದ್ದ ಹಿರಿಯರಲ್ಲಿ ಯಾರೂ ಅವರ ಕಡೆ ತಿರುಗಿಯೂ ನೋಡಿರಲಿಲ್ಲ. ಹೊಗಾರ್ತನ ವಿಡಂಬನೆಯ ಮೊನೆ ಇರುವುದು ಇಲ್ಲಿ. ಪ್ರೀತಿಯನ್ನು ಅವನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಬೇರೆಯವರ ಬದುಕನ್ನು ತಮ್ಮ ಸಾಲ ಮತ್ತು ಪ್ರತಿಷ್ಠೆಯ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವವರನ್ನು ಹಿಡಿದು ತೋರಿಸಿದ್ದಾನೆ.

ಪ್ರಶ್ನೆ: ಒಂದು ಪುಸ್ತಕದಲ್ಲಿ ಇದೇ ಚಿತ್ರ ಎಡಬಲ ಅದಲುಬದಲಾಗಿ, ಬಣ್ಣವಿಲ್ಲದೆ ಅಚ್ಚಾಗಿದೆ. ಮುದ್ರಣದ ದೋಷವೇ? — ಕಲಾ ವಿದ್ಯಾರ್ಥಿ, ಕಾರವಾರ

ದೋಷವಲ್ಲ. ಪುಸ್ತಕದಲ್ಲಿರುವುದು 1745ರಲ್ಲಿ ಪ್ರಕಟವಾದ ತಾಮ್ರಫಲಕದ ಅಚ್ಚು. ತೈಲಚಿತ್ರವನ್ನು ಫಲಕದ ಮೇಲೆ ಇದ್ದಂತೆಯೇ ಕೊರೆದು ಕಾಗದಕ್ಕೆ ಒತ್ತಿದಾಗ ಎಡವು ಬಲವಾಗುತ್ತದೆ. ಫಲಕಗಳನ್ನು ಕೊರೆದವರು ಸ್ಕೋಟಿನ್, ಬ್ಯಾರನ್, ರಾವೆನೆ ಎಂಬ ಮೂವರು ಫ್ರೆಂಚ್ ಕುಶಲಕರ್ಮಿಗಳು. ಹೊಗಾರ್ತನ ನಿಜವಾದ ಆದಾಯವಿದ್ದುದು ಈ ಅಚ್ಚುಗಳ ಮಾರಾಟದಲ್ಲಿ. ಅನುಮತಿಯಿಲ್ಲದೆ ನಕಲು ಅಚ್ಚು ಮಾಡುವವರ ಹಾವಳಿಯನ್ನು ತಡೆಯಲು ಅವನೇ ಮುಂದಾಗಿ ಹೋರಾಡಿದ್ದರಿಂದ 1735ರಲ್ಲಿ ಬ್ರಿಟಿಷ್ ಸಂಸತ್ತು ಅಚ್ಚುಚಿತ್ರಗಳಿಗೆ ಹಕ್ಕುಸ್ವಾಮ್ಯದ ಕಾಯಿದೆ ಮಾಡಿತು. ಇಂದಿಗೂ ಅದನ್ನು ‘ಹೊಗಾರ್ತ್ ಕಾಯಿದೆ’ ಎಂದೇ ಕರೆಯುತ್ತಾರೆ.

ಪ್ರಶ್ನೆ: ಇಂಗ್ಲೆಂಡಿನ ಶ್ರೀಮಂತರ ಕಥೆ ನಮಗೇಕೆ? ನಮ್ಮ ಸಿದ್ದಾಪುರ, ಯಲ್ಲಾಪುರದ ಕಡೆ ಈಗ ಪರಿಸ್ಥಿತಿ ತಿರುಗಿದೆ. ತೋಟವಿದ್ದು, ಕೆಟ್ಟ ಚಟವಿಲ್ಲದ ಹುಡುಗನಿಗೂ ಹೆಣ್ಣು ಸಿಗುತ್ತಿಲ್ಲ. ಎರಡೂ ಕಡೆಯ ಮದುವೆ ಖರ್ಚನ್ನು ನಾವೇ ಹೊರುತ್ತೇವೆಂದರೂ ಒಪ್ಪುವವರಿಲ್ಲ. ಈ ಚಿತ್ರ ಹಳತಾಯಿತಲ್ಲವೇ? — ಅಡಿಕೆ ಬೆಳೆಗಾರರು, ಸಿದ್ದಾಪುರ ತಾಲ್ಲೂಕು

ಹಣ ಯಾವ ದಿಕ್ಕಿನಲ್ಲಿ ಹರಿಯುತ್ತದೆಂಬುದು ಕಾಲಕಾಲಕ್ಕೆ ಬದಲಾಗುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ವರನ ಕಡೆಯವರು ತೆರ ಕೊಟ್ಟು ಹೆಣ್ಣು ತರುವ ರೂಢಿ ಕನ್ನಡನಾಡಿನ ಹಲವು ಸಮುದಾಯಗಳಲ್ಲಿ ಬಹಳ ಕಾಲ ಇತ್ತು. ವರದಕ್ಷಿಣೆಯ ಹಾವಳಿ ಎಲ್ಲೆಡೆ ಹಬ್ಬಿದ್ದು ಅನಂತರ. ಹೊನ್ನಾವರದ ಬಳಿಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಪ್ರಕಟಿಸಿದ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ದ ವಸ್ತುವೇ ಕನ್ಯಾವಿಕ್ರಯ. ಹೊಸಗನ್ನಡದ ಮೊದಲ ಸ್ವತಂತ್ರ ಸಾಮಾಜಿಕ ನಾಟಕವೆಂದು ಅದನ್ನು ಗುರುತಿಸುತ್ತಾರೆ. ಆಸೆಗೆ ಬಿದ್ದು ಮಗಳನ್ನು ಹಣಕ್ಕೆ ಒಪ್ಪಿಸುವುದರ ಪರಿಣಾಮವನ್ನು ನಗೆಯ ಮೂಲಕ ನಮ್ಮವರ ಮುಂದಿಟ್ಟ ಆ ಕೃತಿಗೂ ಹೊಗಾರ್ತನ ಚಿತ್ರಕ್ಕೂ ನೇರ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಹಣದ ಹೊಳೆ ಲಂಡನ್ನಿನಲ್ಲಿ ಹೆಣ್ಣಿನ ಮನೆಯಿಂದಲೂ ಕರ್ಕಿಯಲ್ಲಿ ಗಂಡಿನ ಮನೆಯಿಂದಲೂ ಹರಿದಿದ್ದರೂ, ಎರಡು ಕಡೆಯೂ ವಿಡಂಬನೆಗೆ ಗುರಿಯಾದದ್ದು ಮಾತುಕತೆಗೆ ಕುಳಿತ ಹಿರಿಯರೇ ಎಂಬುದನ್ನು ಮಾತ್ರ ಗಮನಿಸಬೇಕೆನ್ನುತ್ತೇನೆ. ಕಾನೂನು ಕೂಡ ದಿಕ್ಕು ನೋಡಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ವ್ಯಾಖ್ಯೆಯಲ್ಲಿ ಮದುವೆಯ ಸಂಬಂಧವಾಗಿ ಒಂದು ಪಕ್ಷ ಮತ್ತೊಂದು ಪಕ್ಷಕ್ಕೆ ಕೊಡುವ ಸ್ವತ್ತೆಂದು ಇದೆಯೇ ಹೊರತು, ಹೆಣ್ಣಿನ ಕಡೆಯವರು ಕೊಟ್ಟದ್ದು ಮಾತ್ರವೆಂದಿಲ್ಲ.

ಇನ್ನು ನಿಮ್ಮ ಸಂಕಟದ ಬಗ್ಗೆ. ತೋಟದ ಮನೆಗೆ ಬರಲೊಪ್ಪದ ಹುಡುಗಿಯರನ್ನು ಹಣದಾಸೆಯವರೆಂದು ನಿಮ್ಮ ಪತ್ರದ ಉಳಿದ ಭಾಗದಲ್ಲಿ ದೂರಿದ್ದೀರಿ. ಅದನ್ನು ನಾನು ಒಪ್ಪಲಾರೆ. ಓದಿದ ಹುಡುಗಿ ಬೆಂಗಳೂರಿನ ಉದ್ಯೋಗವನ್ನು ಬಯಸುವುದರಲ್ಲಿ ಸಂಬಳದ ಲೆಕ್ಕದ ಜೊತೆಗೆ ತನ್ನ ದಿನಚರಿ ತನ್ನ ಕೈಯಲ್ಲಿರಲಿ ಎಂಬ ಲೆಕ್ಕವೂ ಇರುತ್ತದೆ. ಖರ್ಚನ್ನು ನಾವೇ ಹೊರುತ್ತೇವೆ ಎಂಬ ಮಾತು ಅವಳ ತಂದೆಗೆ ಕೊಟ್ಟ ಉತ್ತರವೇ ಹೊರತು ಅವಳಿಗೆ ಕೊಟ್ಟದ್ದಲ್ಲ. ಕೊಟ್ಟಿಗೆ, ಅಡುಗೆಮನೆ, ಕೊನೆಕೊಯ್ಲಿನ ದಿನಗಳ ಆಳುಗಳ ಊಟ ಇವೆಲ್ಲ ಯಾರ ಪಾಲಿಗೆ ಬರುತ್ತವೆ, ತೋಟದ ಆದಾಯದಲ್ಲಿ ಅವಳ ಹೆಸರಿಗೆ ಏನಿರುತ್ತದೆ ಎಂಬುದನ್ನು ಹುಡುಗ ಅವಳೊಡನೆಯೇ ಕುಳಿತು ಮಾತಾಡಲಿ. ಹಾಗೆ ಮಾತಾಡಿದ ಕೂಡಲೇ ಹೆಣ್ಣು ಸಿಗುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ.

ಪ್ರಶ್ನೆ: ಇಷ್ಟು ಪ್ರಸಿದ್ಧವಾದ ಚಿತ್ರಗಳಿಂದ ಹೊಗಾರ್ತ್ ದೊಡ್ಡ ಮೊತ್ತ ಗಳಿಸಿರಬೇಕಲ್ಲವೇ? ಈಗ ಅವು ಎಲ್ಲಿವೆ? — ಓದುಗರು, ಭಟ್ಕಳ

ಅಚ್ಚುಗಳಿಂದ ಗಳಿಸಿದ, ಮೂಲ ಚಿತ್ರಗಳಿಂದ ಇಲ್ಲ. 1751ರಲ್ಲಿ ಆರನ್ನೂ ಒಟ್ಟಿಗೆ ಮಾರಲು ಹೊರಟು, ಬರವಣಿಗೆಯಲ್ಲಿ ಬೆಲೆ ಸೂಚಿಸುವಂತೆ ಕೇಳಿದಾಗ ಜನರೇ ಬರಲಿಲ್ಲ. ಜಾನ್ ಲೇನ್ ಎಂಬುವರು 120 ಗಿನಿ, ಎಂದರೆ 126 ಪೌಂಡಿಗೆ ಆರನ್ನೂ ಕೊಂಡರು. ಒಂದೊಂದು ಚೌಕಟ್ಟಿಗೇ ಹೊಗಾರ್ತ್ ನಾಲ್ಕು ಗಿನಿ ಖರ್ಚು ಮಾಡಿದ್ದ. ಮುಂದೆ ಅವು ಬ್ಯಾಂಕರ್ ಜಾನ್ ಜೂಲಿಯಸ್ ಆಂಗರ್‌ಸ್ಟೈನ್ ಅವರ ಸಂಗ್ರಹ ಸೇರಿದವು. 1824ರಲ್ಲಿ ಬ್ರಿಟಿಷ್ ಸರಕಾರ ಆ ಸಂಗ್ರಹದ 38 ಚಿತ್ರಗಳನ್ನು 57,000 ಪೌಂಡಿಗೆ ಕೊಂಡು ಲಂಡನ್ನಿನ ನ್ಯಾಷನಲ್ ಗ್ಯಾಲರಿಯನ್ನು ಸ್ಥಾಪಿಸಿತು. ಇಂದಿಗೂ ಆರೂ ಅಲ್ಲಿಯೇ ಇವೆ. ಲಂಡನ್ನಿಗೆ ಹೋಗಲಾಗದವರು ಆ ಸಂಸ್ಥೆಯ ಜಾಲತಾಣದಲ್ಲಿ ಅವನ್ನು ಹಿಗ್ಗಿಸಿ ನೋಡಬಹುದು. ಬಿಲ್ಲುಗಳ ಮೇಲಿನ ಅಕ್ಷರ ಓದಲು ಅದೇ ಹೆಚ್ಚು ಅನುಕೂಲ.

ಪ್ರಶ್ನೆ: ಗೆಳೆಯನ ಮದುವೆಗೆ ಈ ಆರು ಚಿತ್ರಗಳ ಮುದ್ರಿತ ಪ್ರತಿಗಳನ್ನು ಉಡುಗೊರೆಯಾಗಿ ಕೊಡುವ ವಿಚಾರವಿದೆ. ನಿಮ್ಮ ಅಭಿಪ್ರಾಯವೇನು? — ಓದುಗರು, ಗೋಕರ್ಣ

ಗೆಳೆತನ ಉಳಿಯಬೇಕೆಂದಿದ್ದರೆ ಬೇಡ.

ಪ್ರಶ್ನೆ: ಹೊಗಾರ್ತ್ ಸುಖೀ ದಾಂಪತ್ಯದ ಚಿತ್ರವನ್ನು ಬರೆದೇ ಇಲ್ಲವೇ? — ನಿವೃತ್ತ ಶಿಕ್ಷಕರು, ಶಿರಸಿ

ಬರೆಯಲು ತೊಡಗಿದ್ದ. ಈ ಮಾಲೆಗೆ ಜೋಡಿಯಾಗಿ ‘ಹ್ಯಾಪಿ ಮ್ಯಾರೇಜ್’ ಎಂಬ ಇನ್ನೊಂದು ಮಾಲೆಯನ್ನು ಯೋಜಿಸಿ, ಸುಮಾರು 1745ರಲ್ಲಿ ಕೆಲವು ದೃಶ್ಯಗಳ ಕರಡನ್ನು ಬಣ್ಣದಲ್ಲಿ ಮೂಡಿಸಿದ. ಒಂದರಲ್ಲಿ ಮದುವೆಯ ಸಂಭ್ರಮದಲ್ಲಿ ದೊಡ್ಡ ಹಜಾರದ ತುಂಬ ಜನರು ಜೋಡಿಜೋಡಿಯಾಗಿ ಕುಣಿಯುತ್ತಿದ್ದಾರೆ. ಕುಂಚದ ಬೀಸು ಎಷ್ಟು ಚುರುಕಾಗಿದೆಯೆಂದರೆ ಮುಖಗಳು ಪೂರ್ತಿ ಮೂಡದಿದ್ದರೂ ಕುಣಿತ ಮಾತ್ರ ಕಣ್ಣಿಗೆ ಕಟ್ಟುತ್ತದೆ. ಯಾವ ಕಾರಣಕ್ಕೋ ಮಾಲೆಯನ್ನು ಅವನು ಮುಂದುವರಿಸಲಿಲ್ಲ. ಕೆಟ್ಟ ಮದುವೆಗೆ ತೀರದ ಬಿಲ್ಲು, ಮಚ್ಚೆ, ಉಂಗುರ ಎಂದು ತೋರಿಸಲು ನೂರು ವಸ್ತುಗಳು ಸಿಕ್ಕ ಕೈಗೆ, ನೆಮ್ಮದಿಯ ಮನೆಯೊಳಗೆ ಎತ್ತಿ ತೋರಿಸಲು ಅಷ್ಟು ಸಿಗಲಿಲ್ಲವೇನೋ ಎಂಬುದು ನನ್ನ ಊಹೆಯಷ್ಟೇ. ಕುಣಿತದ ಆ ಅಪೂರ್ಣ ಚಿತ್ರವನ್ನು ಲಂಡನ್ನಿನ ಟೇಟ್ ಸಂಗ್ರಹದವರು ತಮ್ಮ ಜಾಲತಾಣದಲ್ಲಿ ಹಾಕಿದ್ದಾರೆ. ಮೊದಲ ಮಾಲೆಯನ್ನು ನೋಡಿ ಮುಗಿಸಿದ ದಿನವೇ ಅದನ್ನೂ ತೆರೆದು ನೋಡಿ.